ಮೂವತ್ತನೇ ವಯಸ್ಸಿನಲ್ಲಿ ಅಕ್ಷರಾಭ್ಯಾಸ: ಚೀನೀ ಭಾಷೆ ಕಲಿತ ಮತ್ತೇಯೊ ರಿಚ್ಚಿ

ನಮ್ಮಲ್ಲಿ ಎಷ್ಟೋ ಜನ ಸೆಮಿಸ್ಟರ್ ರಜೆ ಬಂದ ಕೂಡಲೇ ಫೋನಿಗೆ ಭಾಷೆ ಕಲಿಸುವ ಒಂದು ಆ್ಯಪ್ ಹಾಕ್ಕೊಳ್ತೀವಿ. ಜರ್ಮನ್, ಜಪಾನೀಸ್, ಚೈನೀಸ್, ಏನೋ ಒಂದು. ಹತ್ತು ದಿನ ಜೋರಾಗಿ ನಡೆಯುತ್ತೆ. ಹನ್ನೊಂದನೇ ದಿನ ಕಾಲೇಜು ಶುರುವಾಗುತ್ತೆ, ಆಮೇಲೆ ಇಂಟರ್ನಲ್ಸ್ ಬರುತ್ತೆ, ಅಲ್ಲಿಗೆ ಕಥೆ ಮುಗೀತು. ಯಾರಾದರೂ ಕೇಳಿದರೆ, ಭಾಷೆ ಎಲ್ಲಾ ಚಿಕ್ಕವರಿದ್ದಾಗಲೇ ಕಲೀಬೇಕು, ಈಗ ತಲೆಗೆ ಹತ್ತಲ್ಲ ಅಂತ ಹೇಳಿಬಿಡ್ತೀವಿ. ಹತ್ತೊಂಬತ್ತಕ್ಕೇ ವಯಸ್ಸಾಯ್ತು ಅನ್ನೋ ನಮಗೆ ಮತ್ತೇಯೊ ರಿಚ್ಚಿ ಅವರ ಜೀವನ ಸ್ವಲ್ಪ ನಾಚಿಕೆ ತರಿಸುತ್ತೆ. ಅವರು ಚೀನೀ ಭಾಷೆಯ ಮೊದಲ ಅಕ್ಷರ ಬರೆಯಲು ಕೂತಾಗ 29 ತುಂಬಿ 30 ನಡೀತಿತ್ತು. ಆ್ಯಪ್ ಇರಲಿಲ್ಲ ಅನ್ನೋದು ಬಿಡಿ, ಪಠ್ಯಪುಸ್ತಕ ಇರಲಿಲ್ಲ, ನಿಘಂಟೂ ಇರಲಿಲ್ಲ. ಅಂಥವರು ಸಾಯುವ ಹೊತ್ತಿಗೆ ಚೀನಾದ ವಿದ್ವಾಂಸರು ಮನೆಗೆ ಬಂದು ಓದುವಂಥ ಪುಸ್ತಕಗಳನ್ನ ಚೀನೀ ಭಾಷೆಯಲ್ಲೇ ಬರೆದಿದ್ದರು.

ರಿಚ್ಚಿ ಹುಟ್ಟಿದ್ದು 1552ರ ಅಕ್ಟೋಬರ್ 6ರಂದು, ಇಟಲಿಯ ಮಾಚೆರಾತಾ ಎಂಬ ಊರಿನಲ್ಲಿ. ತಂದೆ ಔಷಧಿ ವ್ಯಾಪಾರ ಮಾಡುತ್ತಿದ್ದವರು. ಮಗ ಲಾಯರ್ ಆಗಲಿ ಅಂತ 1568ರಲ್ಲಿ ರೋಮಿಗೆ ಕಾನೂನು ಓದಲು ಕಳಿಸಿದರು. ಮಗ ಬೇರೆ ದಾರಿ ಹಿಡಿದ. 1571ರಲ್ಲಿ ಜೆಸ್ವಿಟ್ ಸಂಘ ಸೇರಿ ಪಾದ್ರಿಯಾಗಲು ಹೊರಟ. ಅಪ್ಪ ಅಂದುಕೊಂಡ ಕೋರ್ಸೇ ಬೇರೆ, ಮಗ ಸೇರಿದ್ದೇ ಬೇರೆ ಅನ್ನೋ ಕಥೆ ನಮ್ಮ ಬ್ಯಾಚಿನಲ್ಲೂ ಬೇಕಾದಷ್ಟಿದೆ.

ರೋಮಿನ ಜೆಸ್ವಿಟ್ ಕಾಲೇಜಿನಲ್ಲಿ ರಿಚ್ಚಿಗೆ ಗಣಿತದ ಮೇಷ್ಟ್ರಾಗಿ ಸಿಕ್ಕವರು ಕ್ರಿಸ್ಟೋಫರ್ ಕ್ಲಾವಿಯಸ್. ನಾವು ಇವತ್ತು ಗೋಡೆಗೆ ನೇತುಹಾಕುವ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಜಾರಿಗೆ ಬಂತಲ್ಲ, ಅದರ ಲೆಕ್ಕಾಚಾರದ ಹಿಂದಿದ್ದ ಮುಖ್ಯ ಹೆಸರುಗಳಲ್ಲಿ ಇವರದೂ ಒಂದು. ಯೂಕ್ಲಿಡ್‌ನ ರೇಖಾಗಣಿತ, ಭೂಪಟ ಬರೆಯೋದು, ಸೂರ್ಯ ಗಡಿಯಾರ ಮಾಡೋದು ಎಲ್ಲವನ್ನೂ ರಿಚ್ಚಿ ಅಲ್ಲೇ ಕಲಿತರು. ಜೊತೆಗೆ ಒಂದು ಜ್ಞಾಪಕ ವಿದ್ಯೆಯನ್ನೂ ಕಲಿತರು. ಮನಸ್ಸಿನಲ್ಲೇ ಒಂದು ದೊಡ್ಡ ಮನೆ ಕಟ್ಟಿಕೊಂಡು, ನೆನಪಿಡಬೇಕಾದ ಒಂದೊಂದು ವಿಷಯವನ್ನೂ ಚಿತ್ರ ಮಾಡಿ ಒಂದೊಂದು ಮೂಲೆಯಲ್ಲಿ ಇಟ್ಟು, ಬೇಕಾದಾಗ ಆ ಮನೆಯೊಳಗೆ ಓಡಾಡಿ ತೆಗೆದುಕೊಳ್ಳುವ ವಿಧಾನ ಅದು.

1578ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿದ ರಿಚ್ಚಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಳಿದದ್ದು ಚೀನಾದಲ್ಲಲ್ಲ, ನಮ್ಮ ಪಕ್ಕದ ಗೋವಾದಲ್ಲಿ. ಸುಮಾರು ಮೂರೂವರೆ ವರ್ಷ ಗೋವಾ ಮತ್ತು ಕೊಚ್ಚಿಯಲ್ಲಿ ಕಳೆದರು. 1580ರಲ್ಲಿ ಕೊಚ್ಚಿಯಲ್ಲೇ ಪಾದ್ರಿ ದೀಕ್ಷೆ ಆಯಿತು. ಗೋವಾದಲ್ಲಿ ಹುಡುಗರಿಗೆ ಲ್ಯಾಟಿನ್, ಗ್ರೀಕ್ ಪಾಠ ಮಾಡುತ್ತಿದ್ದರು. ಆಗ ಅಲ್ಲಿ ಒಂದು ಚರ್ಚೆ ನಡೆದಿತ್ತು. ಭಾರತೀಯ ವಿದ್ಯಾರ್ಥಿಗಳಿಗೆ ತತ್ವಶಾಸ್ತ್ರದಂಥ ಮೇಲಿನ ಪಾಠಗಳನ್ನ ಕಲಿಸಬೇಕಾ, ಕಲಿಸಿದರೆ ಅವರು ತಲೆ ಮೇಲೆ ಕೂರುತ್ತಾರಾ ಅನ್ನುವ ಚರ್ಚೆ. ಕಲಿಸೋದು ಬೇಡ ಎಂಬ ನಿರ್ಧಾರವನ್ನ ವಿರೋಧಿಸಿ ರಿಚ್ಚಿ 1581ರಲ್ಲಿ ರೋಮಿನ ಹಿರಿಯರಿಗೆ ಪತ್ರ ಬರೆದರು. ಆಗ ಅವರಿಗೆ ಬರೀ 29 ವರ್ಷ, ಸಂಘದಲ್ಲಿ ತೀರಾ ಕಿರಿಯರು. ಮುಂದೆ ಚೀನಾದಲ್ಲಿ ಅವರು ನಡೆದುಕೊಂಡ ರೀತಿಯ ಬೀಜ ಈ ಪತ್ರದಲ್ಲೇ ಇದೆ ಅಂತ ನಮಗೆ ಅನ್ನಿಸುತ್ತೆ. ಅದೇ ಕಾಲಕ್ಕೆ ಗೋವಾಕ್ಕೆ ಬಂದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಕೊಂಕಣಿ, ಮರಾಠಿ ಕಲಿತು ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದರು. ಅವರು ಕೊಂಕಣಿಗೆ ಬರೆದ ವ್ಯಾಕರಣವೂ ಇದೆ. ಅಂದರೆ ದೊಡ್ಡವರಾದ ಮೇಲೆ ಇನ್ನೊಬ್ಬರ ಭಾಷೆಗೆ ಇಳಿಯುವ ಕೆಲಸ ಆಗ ಈ ಕರಾವಳಿಯಲ್ಲೂ ನಡೀತಾ ಇತ್ತು.

1582ರ ಆಗಸ್ಟಿನಲ್ಲಿ ರಿಚ್ಚಿ ಮಕಾವ್ ತಲುಪಿದರು. ಪೋರ್ಚುಗೀಸರ ಕೈಯಲ್ಲಿದ್ದ ಸಣ್ಣ ಬಂದರು ಅದು. ಅಲ್ಲಿಂದ ಮುಂದಕ್ಕೆ ಚೀನಾದೊಳಗೆ ವಿದೇಶಿಯರಿಗೆ ಸುಲಭವಾಗಿ ಪ್ರವೇಶ ಇರಲಿಲ್ಲ. ಜೆಸ್ವಿಟರ ಪೂರ್ವದೇಶಗಳ ಉಸ್ತುವಾರಿ ಆಗಿದ್ದ ಅಲೆಸ್ಸಾಂಡ್ರೊ ವಾಲಿನ್ಯಾನೊ ಒಂದು ವಿಷಯ ಸ್ಪಷ್ಟವಾಗಿ ಕಂಡುಕೊಂಡಿದ್ದರು. ಅದುವರೆಗೆ ಮಕಾವಿನಲ್ಲಿದ್ದ ಪಾದ್ರಿಗಳು ಚೀನೀಯರು ಪೋರ್ಚುಗೀಸ್ ಕಲಿಯಲಿ, ಪೋರ್ಚುಗೀಸ್ ಹೆಸರು ಇಟ್ಟುಕೊಳ್ಳಲಿ ಅಂತ ಕಾಯುತ್ತಿದ್ದರು. ವಾಲಿನ್ಯಾನೊ ಅದನ್ನ ತಿರುಗಿಸಿದರು. ಕಲಿಯಬೇಕಾದವರು ನಾವು, ಅವರಲ್ಲ ಅಂದುಕೊಂಡು, ಬೇರೆ ಯಾವ ಕೆಲಸವನ್ನೂ ಕೊಡದೆ ಚೀನೀ ಓದಲು ಮಾತ್ರ ಜನರನ್ನ ಕೂರಿಸಿದರು. ಮೊದಲು ಬಂದವರು ಮಿಕೆಲೆ ರುಜ್ಜೇರಿ. ಅವರು ಭಾಷೆ ಕಲಿಯೋದನ್ನ ನೋಡಿ ಜೊತೆಗಿದ್ದವರೇ ಟೈಂ ವೇಸ್ಟ್ ಅಂತ ಬೇಸರ ಮಾಡಿಕೊಳ್ಳುತ್ತಿದ್ದರು. ಎರಡೂ ಭಾಷೆ ಬರುವ ಮೇಷ್ಟ್ರು ಸಿಗಲಿಲ್ಲ. ಕೊನೆಗೆ ಸಿಕ್ಕವನು ಒಬ್ಬ ಚಿತ್ರಕಾರ. ಅವನು ಕುದುರೆಯ ಚಿತ್ರ ಬರೆದು, ಪಕ್ಕದಲ್ಲಿ ಕುದುರೆಯ ಅಕ್ಷರ ಬರೆದು, ಅದರ ಉಚ್ಚಾರ ಹೇಳಿಕೊಡುವ ಥರ ಪಾಠ ಮಾಡುತ್ತಿದ್ದ. ರಿಚ್ಚಿ ಬಂದು ಸೇರಿದ್ದು ಇಂಥ ಕ್ಲಾಸಿಗೆ.

ಕಷ್ಟ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮ ಕನ್ನಡದಲ್ಲಿ ಒಂದು ಪದಕ್ಕೆ ಪ್ರತ್ಯಯ ಸೇರಿಸಿ ಮನೆಯಿಂದ, ಮನೆಗೆ, ಮನೆಯಲ್ಲಿ ಅಂತ ಮಾಡ್ತೀವಿ. ಲ್ಯಾಟಿನ್ನೂ ಹಾಗೇ. ಚೀನೀಯಲ್ಲಿ ವಿಭಕ್ತಿ ಇಲ್ಲ, ಏಕವಚನ ಬಹುವಚನದ ಗೊಡವೆ ಹೆಚ್ಚಿಲ್ಲ, ಕಾಲಕ್ಕೆ ತಕ್ಕ ಹಾಗೆ ಕ್ರಿಯಾಪದ ಬದಲಾಗಲ್ಲ. ಕೇಳೋಕೆ ಸುಲಭ ಅನ್ನಿಸುತ್ತೆ. ಆದರೆ ಒಂದೇ ಉಚ್ಚಾರಕ್ಕೆ ಹತ್ತಾರು ಅರ್ಥ. ಇವತ್ತಿನ ಚೀನೀಯಲ್ಲಿ ಮಾ ಎಂಬ ಒಂದೇ ಶಬ್ದವನ್ನ ಒಂದು ರಾಗದಲ್ಲಿ ಹೇಳಿದರೆ ಅಮ್ಮ, ಇನ್ನೊಂದರಲ್ಲಿ ಸೆಣಬಿನ ಜಾತಿಯ ಗಿಡ, ಮತ್ತೊಂದರಲ್ಲಿ ಕುದುರೆ, ನಾಲ್ಕನೆಯದರಲ್ಲಿ ಬೈಯೋದು. ರಿಚ್ಚಿ ಕಲಿತ ಆಗಿನ ಅಧಿಕಾರಿಗಳ ಭಾಷೆಯಲ್ಲಿ ಇಂಥ ಸ್ವರಗಳು ಐದು ಇದ್ದವು. ಅದರ ಮೇಲೆ ಸಾವಿರಾರು ಅಕ್ಷರಗಳು, ನಮ್ಮ ಹಾಗೆ ಕಾಗುಣಿತ ಇಲ್ಲ. ಮಾತಾಡುವಾಗ ಅರ್ಥ ಆಗದಿದ್ದರೆ ಅಲ್ಲಿನವರೇ ಗಾಳಿಯಲ್ಲೋ ಅಂಗೈ ಮೇಲೋ ಬೆರಳಿನಿಂದ ಅಕ್ಷರ ಬರೆದು ತೋರಿಸೋದು ಇವತ್ತಿಗೂ ಇದೆ. ಜೊತೆಗೆ ಇನ್ನೊಂದು ತೊಡಕು. ಮಕಾವಿನ ಬೀದಿಯಲ್ಲಿ ಜನ ಮಾತಾಡುತ್ತಿದ್ದದ್ದು ತೆಂಕಣದ ಭಾಷೆ, ಇವರು ಕಲಿಯಬೇಕಿದ್ದದ್ದು ಇಡೀ ಸಾಮ್ರಾಜ್ಯದ ಅಧಿಕಾರಿಗಳು ಬಳಸುತ್ತಿದ್ದ ಗುವಾನ್‌ಹುವಾ. ಅಂದರೆ ಕ್ಲಾಸಿನಲ್ಲಿ ಕಲಿತದ್ದನ್ನ ಬೀದಿಗೆ ಹೋಗಿ ಪ್ರಾಕ್ಟೀಸ್ ಮಾಡೋಕೂ ಆಗುತ್ತಿರಲಿಲ್ಲ.

1583ರ ಸೆಪ್ಟೆಂಬರಿನಲ್ಲಿ ರುಜ್ಜೇರಿ ಮತ್ತು ರಿಚ್ಚಿಗೆ ಝಾವೊಚಿಂಗ್ ಊರಿನಲ್ಲಿ ಇರಲು ಅನುಮತಿ ಸಿಕ್ಕಿತು. ಅಲ್ಲಿನ ಅಧಿಕಾರಿ ವಾಂಗ್ ಪಾನ್ ಜಾಗ ಕೊಟ್ಟರು. ಈ ಮನೆಯಲ್ಲಿ ಇಬ್ಬರೂ ಸೇರಿ ಪೋರ್ಚುಗೀಸ್-ಚೀನೀ ಪದಪಟ್ಟಿ ಶುರು ಮಾಡಿದರು. ಒಂದು ಸಾಲಿನಲ್ಲಿ ಪೋರ್ಚುಗೀಸ್ ಪದ, ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಚೀನೀ ಉಚ್ಚಾರ, ಅದರ ಪಕ್ಕ ಚೀನೀ ಅಕ್ಷರ. ಐರೋಪ್ಯ ಭಾಷೆಯಿಂದ ಚೀನೀಗೆ ಬಂದ ಮೊತ್ತಮೊದಲ ನಿಘಂಟುಗಳಲ್ಲಿ ಇದು ಒಂದು. ಅದು ಪೂರ್ತಿ ಆಗಲೇ ಇಲ್ಲ. ಕೈಬರಹ ರೋಮಿನ ಕಡತಗಳ ನಡುವೆ ಕಳೆದುಹೋಗಿ 1934ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಆ ಪಟ್ಟಿಯಲ್ಲಿ ಸ್ವರದ ಗುರುತುಗಳಿಲ್ಲ. ಅದನ್ನ ಸರಿಪಡಿಸಿದ್ದು ಹದಿನೈದು ವರ್ಷದ ನಂತರ, 1598ರ ಚಳಿಗಾಲದಲ್ಲಿ. ಬೀಜಿಂಗಿನಿಂದ ದೋಣಿಯಲ್ಲಿ ವಾಪಸ್ ಬರುವ ದಾರಿಯಲ್ಲಿ ಸಂಗೀತ ಗೊತ್ತಿದ್ದ ಲಾಝರೊ ಕತ್ತಾನಿಯೊ ಐದು ಸ್ವರಗಳನ್ನ ಕಿವಿಯಿಂದಲೇ ಬಿಡಿಸಿ ಗುರುತು ಹಾಕಿಕೊಟ್ಟರು. ಮಕಾವಿನಲ್ಲಿ ಬೆಳೆದ ಚೀನೀ ಸಹೋದರ ಸೆಬಾಸ್ಟಿಯನ್ ಫರ್ನಾಂಡಿಸ್ ಜೊತೆಗಿದ್ದು ಸಹಾಯ ಮಾಡಿದರು. ಇವತ್ತು ಚೀನೀ ಕಲಿಯುವವರು ರೋಮನ್ ಅಕ್ಷರದ ಮೇಲೆ ಸಣ್ಣ ಗೆರೆ ನೋಡಿ ಸ್ವರ ಗುರುತಿಸುತ್ತಾರಲ್ಲ, ಆ ಯೋಚನೆಯ ಹಳೇ ಅಜ್ಜ ಇದು.

ಝಾವೊಚಿಂಗ್ ಮನೆಯ ಗೋಡೆಯಲ್ಲಿ ಒಂದು ಪ್ರಪಂಚದ ಭೂಪಟ ಇತ್ತು. ನೋಡಲು ಬಂದವರು ಇದರಲ್ಲಿ ಏನು ಬರೆದಿದೆ ಅಂತ ಕೇಳಿದರು. ಅದನ್ನೇ ಚೀನೀಯಲ್ಲಿ ಬರೆಯಿರಿ ಅಂದರು. 1584ರಲ್ಲಿ ರಿಚ್ಚಿ ಬರೆದರು. ಭೂಮಿ ಗುಂಡಗಿದೆ ಅಂತ ಚೀನೀ ಭಾಷೆಯಲ್ಲಿ ವಿವರಿಸಿದ ಈ ಪಟ ಬಹಳ ಬೇಗ ಜನರ ಕೈಯಿಂದ ಕೈಗೆ ಹೋಯಿತು. ಅದೇ ಊರಿನಲ್ಲಿ ವಾಂಗ್ ಪಾನ್‌ಗಾಗಿ ಒಂದು ಯಂತ್ರ ಗಡಿಯಾರವನ್ನೂ ಮಾಡಿಸಿದರು. ಅದನ್ನ ಮಾಡಲು ಮಕಾವಿನಿಂದ ಕರೆಸಿದ್ದು ಗೋವಾ ಕಡೆಯ ಒಬ್ಬ ಕುಶಲಕರ್ಮಿಯನ್ನ! ಗಡಿಯಾರ ಸಿದ್ಧವಾಯಿತು. ಆದರೆ ಅಧಿಕಾರಿಯ ಮನೆಯಲ್ಲಿ ಯಾರಿಗೂ ಅದನ್ನ ನಡೆಸೋಕೆ ಬರಲಿಲ್ಲ. ಕೊನೆಗೆ ವಾಪಸ್ ಪಾದ್ರಿಗಳ ಮನೆಗೇ ಬಂತು. ಯಂತ್ರ ಕೊಟ್ಟರೆ ಸಾಲದು, ಅದರ ಭಾಷೆಯನ್ನೂ ಕೊಡಬೇಕು ಅನ್ನೋ ಪಾಠ ಇಲ್ಲಿ ಸಿಕ್ಕಿತು.

ಎಲ್ಲಾ ಚೆನ್ನಾಗೇ ನಡೀತು ಅಂದುಕೊಳ್ಳಬೇಡಿ. 1588ರಲ್ಲಿ ರುಜ್ಜೇರಿ ಯುರೋಪಿಗೆ ಹೊರಟರು, ಮತ್ತೆ ಬರಲಿಲ್ಲ. 1589ರಲ್ಲಿ ಹೊಸ ಅಧಿಕಾರಿ ಬಂದು ಮನೆಯಿಂದ ಹೊರಹಾಕಿದ. ಶಾವೊಝೌ ಎಂಬ ಊರಿಗೆ ಹೋದರೆ ಅಲ್ಲಿನ ಹವೆ ಕೆಟ್ಟದ್ದು. ಜೊತೆಗಿದ್ದ ಇಬ್ಬರು ಪಾದ್ರಿಗಳು ಒಬ್ಬರಾದ ಮೇಲೆ ಒಬ್ಬರು ಕಾಯಿಲೆ ಬಿದ್ದು ಸತ್ತರು. 1592ರಲ್ಲಿ ರಾತ್ರಿ ಮನೆಗೆ ದರೋಡೆಕೋರರು ನುಗ್ಗಿದಾಗ ರಿಚ್ಚಿ ಕಿಟಕಿಯಿಂದ ಹಾರಿ ಪಾದ ಉಳುಕಿಸಿಕೊಂಡರು, ಅವತ್ತಿನಿಂದ ಜೀವನಪೂರ್ತಿ ಕುಂಟುತ್ತಲೇ ನಡೆದರು. 1595ರಲ್ಲಿ ನದಿಯ ಸೆಳವಿಗೆ ದೋಣಿ ಮಗುಚಿ ಜೊತೆಗಿದ್ದ ಯುವಕನೊಬ್ಬ ಮುಳುಗಿಹೋದ. ಇಷ್ಟಾದರೂ ಓದು ನಿಲ್ಲಲಿಲ್ಲ.

ಶಾವೊಝೌನಲ್ಲಿದ್ದಾಗಲೇ ಅವರ ಓದಿನ ದಿಕ್ಕು ಬದಲಾಯಿತು. ಮೊದಲು ಅವರು ಬೌದ್ಧ ಸನ್ಯಾಸಿಗಳ ಹಾಗೆ ತಲೆ ಬೋಳಿಸಿಕೊಂಡು ಅವರ ಉಡುಪು ಹಾಕುತ್ತಿದ್ದರು. ಧರ್ಮದವರು ಅಂದ ಮೇಲೆ ಇದೇ ಸರಿ ಅಂದುಕೊಂಡಿದ್ದರು. ಆದರೆ ಅಲ್ಲಿ ಅಧಿಕಾರಿಗಳು, ಓದಿದವರು ಗೌರವ ಕೊಡುತ್ತಿದ್ದದ್ದು ಕನ್‌ಫ್ಯೂಷಿಯಸ್‌ನ ಗ್ರಂಥ ಓದಿ ಪರೀಕ್ಷೆ ಪಾಸಾದ ವಿದ್ವಾಂಸರಿಗೆ. ಇದನ್ನ ತಿಳಿಸಿಕೊಟ್ಟವರು ಕ್ಯು ತೈಸು ಎಂಬ ದೊಡ್ಡ ಮನೆತನದ ವ್ಯಕ್ತಿ. ಅವರು ರಿಚ್ಚಿ ಹತ್ತಿರ ಬಂದದ್ದು ರಸವಿದ್ಯೆ ಕಲಿತು ಬೆಳ್ಳಿ ಮಾಡೋ ಆಸೆಯಿಂದ. ಅದು ಸಿಗಲಿಲ್ಲ, ಗಣಿತ ಸಿಕ್ಕಿತು. ಯೂಕ್ಲಿಡ್‌ನ ಮೊದಲ ಭಾಗ ಓದಿಕೊಂಡರು. ಬದಲಿಗೆ ರಿಚ್ಚಿಗೆ ಚೀನೀ ಸಮಾಜದಲ್ಲಿ ಹೇಗೆ ಕೂರಬೇಕು, ಹೇಗೆ ಏಳಬೇಕು, ಯಾರನ್ನ ಹೇಗೆ ಕಾಣಬೇಕು ಅಂತ ಹೇಳಿಕೊಟ್ಟರು. ಯಾರು ಗುರು, ಯಾರು ಶಿಷ್ಯ ಅಂತ ಹೇಳೋದೇ ಕಷ್ಟ. 1595ರಲ್ಲಿ ರಿಚ್ಚಿ ಗಡ್ಡ ಬಿಟ್ಟು, ವಿದ್ವಾಂಸರ ರೇಷ್ಮೆ ನಿಲುವಂಗಿ ಹಾಕಿಕೊಂಡರು. ಚೀನೀಯರು ಅವರನ್ನ ಲೀ ಮಾದೋ ಅಂತ ಕರೆದರು.

ಬಟ್ಟೆ ಬದಲಾಯಿಸೋದು ಒಂದು ದಿನದ ಕೆಲಸ. ಒಳಗಿನದಕ್ಕೆ ವರ್ಷಗಳು ಬೇಕಾಯ್ತು. ವಾಲಿನ್ಯಾನೊ ಹೇಳಿದ ಮೇರೆಗೆ ರಿಚ್ಚಿ ಕನ್‌ಫ್ಯೂಷಿಯಸ್ ಪರಂಪರೆಯ ನಾಲ್ಕು ಮುಖ್ಯ ಪುಸ್ತಕಗಳನ್ನ ಲ್ಯಾಟಿನ್ನಿಗೆ ಅನುವಾದಿಸಲು ಕೂತರು. ನಲವತ್ತು ದಾಟಿದ ಮನುಷ್ಯ ಮೇಷ್ಟ್ರನ್ನ ಇಟ್ಟುಕೊಂಡು ಶಾಲೆ ಹುಡುಗನ ಹಾಗೆ ಸಾಲು ಸಾಲು ಓದಿದರು. ಈ ಅನುವಾದವೇ ಹೊಸದಾಗಿ ಬಂದ ಪಾದ್ರಿಗಳಿಗೆ ಚೀನೀ ಕಲಿಸುವ ಪಠ್ಯ ಆಯಿತು. ಬರೀ ವ್ಯಾಕರಣ, ಬರೀ ಸಂಭಾಷಣೆ ಅಲ್ಲ. ಅಲ್ಲಿನ ಮಕ್ಕಳು ಯಾವ ಪುಸ್ತಕ ಬಾಯಿಪಾಠ ಮಾಡಿ ಬೆಳೀತಾರೋ ಅದನ್ನೇ ದೊಡ್ಡವರೂ ಓದಬೇಕು ಅನ್ನೋದು ಆ ಸಿಲಬಸ್. ಭಾಷೆ ಮತ್ತು ಸಂಸ್ಕೃತಿಯನ್ನ ಒಟ್ಟಿಗೆ ಕಲಿಸುವ ಕ್ಲಾಸ್ ಅಂತ ಇವತ್ತು ನಾವು ಕರೆಯೋದು ಇದನ್ನೇ.

ನಾನ್‌ಚಾಂಗ್ ಊರಿನಲ್ಲಿ ರಿಚ್ಚಿ ಸ್ನೇಹದ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನ ನೇರವಾಗಿ ಚೀನೀಯಲ್ಲೇ ಬರೆದರು. ಹೊರಗಿನಿಂದ ಬಂದವನು ತಮ್ಮ ಭಾಷೆಯಲ್ಲಿ ಬರೆದದ್ದು ನೋಡಿ ಜನ ಇಷ್ಟಪಟ್ಟರು. ಅಲ್ಲೇ ಒಂದು ಔತಣದಲ್ಲಿ ಸಂಬಂಧವಿಲ್ಲದ ನೂರಾರು ಅಕ್ಷರಗಳನ್ನ ಬರೆಸಿ, ಒಮ್ಮೆ ಓದಿ, ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಒಪ್ಪಿಸಿಬಿಟ್ಟರು. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದವರು ಸುಮ್ಮನಿರ್ತಾರಾ? ಈ ವಿದ್ಯೆ ಕಲಿಸಿ ಅಂತ ಮುತ್ತಿಕೊಂಡರು. ರಿಚ್ಚಿ 1596ರಲ್ಲಿ ಅದರ ಬಗ್ಗೆಯೂ ಪುಸ್ತಕ ಬರೆದು ಅಲ್ಲಿನ ರಾಜ್ಯಪಾಲರ ಮಕ್ಕಳಿಗೆ ಕೊಟ್ಟರು. ಓದಿದ ಹಿರಿಮಗನಿಗೆ ಅನ್ನಿಸಿದ್ದು ಏನೆಂದರೆ, ವಿಧಾನವೇನೋ ಸರಿ, ಆದರೆ ಈ ವಿಧಾನ ಬಳಸೋಕೇ ಭಾರಿ ಜ್ಞಾಪಕಶಕ್ತಿ ಬೇಕು ಅಂತ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಮ್ಮೆಲ್ಲರ ಪರವಾಗಿ ಆ ಹುಡುಗ ಮಾತಾಡಿದ್ದಾನೆ.

1601ರ ಜನವರಿ 24ರಂದು ರಿಚ್ಚಿ ಬೀಜಿಂಗ್ ತಲುಪಿದರು. ಚೀನಾ ದಡಕ್ಕೆ ಬಂದು ಹದಿನೆಂಟು ವರ್ಷ ಕಳೆದಿತ್ತು. ವಾನ್‌ಲಿ ಚಕ್ರವರ್ತಿಗೆ ಚಿತ್ರಗಳು, ತಂತಿವಾದ್ಯ, ಎರಡು ಗಡಿಯಾರ ಕಾಣಿಕೆಯಾಗಿ ಹೋದವು. ಚಕ್ರವರ್ತಿ ಕೊನೆಯವರೆಗೂ ರಿಚ್ಚಿಗೆ ಮುಖ ಕೊಟ್ಟು ದರ್ಶನ ನೀಡಲಿಲ್ಲ. ಆದರೆ ಗಡಿಯಾರ ನಿಂತಾಗ ಅರಮನೆಯಿಂದ ಕರೆ ಬಂತು. ಅರಮನೆಯ ನಾಲ್ವರು ನಪುಂಸಕ ಸೇವಕರಿಗೆ ಮೂರು ದಿನ ಹಗಲೂ ರಾತ್ರಿ ಗಡಿಯಾರ ನೋಡಿಕೊಳ್ಳುವ ಪಾಠ ನಡೆಯಿತು. ಅವರು ಪ್ರತಿಯೊಂದನ್ನೂ ಬರೆದುಕೊಂಡರು, ತಪ್ಪಿದರೆ ಅವರ ತಲೆಗೇ ಅಪಾಯ. ಝಾವೊಚಿಂಗ್‌ನಲ್ಲಿ ಆಗದೆ ಹೋದದ್ದು ಇಲ್ಲಿ ಆಯಿತು, ಯಾಕಂದರೆ ಈಗ ಹೇಳಿಕೊಡುವವರಿಗೆ ಭಾಷೆ ಬರುತ್ತಿತ್ತು. ಜೊತೆಗಿದ್ದ ಪಾಂತೊಹಾ ಇನ್ನು ಕೆಲವರಿಗೆ ವಾದ್ಯ ನುಡಿಸಲು ಕಲಿಸಿದರು, ರಿಚ್ಚಿ ಅದಕ್ಕೆ ಚೀನೀಯಲ್ಲಿ ಎಂಟು ಹಾಡು ಬರೆದುಕೊಟ್ಟರು.

1602ರಲ್ಲಿ ಸರ್ಕಾರದ ಕಾಮಗಾರಿ ಇಲಾಖೆಯಲ್ಲಿದ್ದ ಲಿ ಝಿಜಾವ್ ಜೊತೆ ಸೇರಿ ಆರು ಹಾಳೆಗಳ ದೊಡ್ಡ ಪ್ರಪಂಚ ಭೂಪಟ ಅಚ್ಚು ಹಾಕಿಸಿದರು. ಏಷ್ಯಾಕ್ಕೆ ಯಾಶಿಯಾ, ಯುರೋಪಿಗೆ ಓಲುವೊಬಾ ಎಂಬ ಹೆಸರುಗಳು ಈ ಭೂಪಟಗಳ ಮೂಲಕ ಹಬ್ಬಿದವು. ಚೀನಾ ಮೂಲೆಗೆ ಬೀಳದೆ ನಡುವಿನ ಹತ್ತಿರ ಬರುವ ಹಾಗೆ ಪಟ ಹೊಂದಿಸಿದ್ದರು. ಗುಂಡಗಿರುವ ಭೂಮಿಗೆ ನಡು ಎಲ್ಲಿ ಇಟ್ಟರೂ ಗಣಿತ ತಪ್ಪಾಗಲ್ಲ, ಎದುರಿಗಿರುವವರ ಮನಸ್ಸು ಮಾತ್ರ ಉಳಿಯುತ್ತೆ.

ಆಮೇಲೆ ಬಂತು ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕೆಲಸ. ಶಾಂಘೈ ಕಡೆಯ ಶೂ ಗುವಾಂಗ್‌ಚಿ ಹಲವು ಸಲ ಸೋತು 1604ರಲ್ಲಿ ಅತ್ಯುನ್ನತ ಸರ್ಕಾರಿ ಪರೀಕ್ಷೆ ಪಾಸಾದರು. ಆಗ ಅವರಿಗೆ ನಲವತ್ತೆರಡು ವರ್ಷ. ಅವರು ದಿನಾ ಮಧ್ಯಾಹ್ನದ ಮೇಲೆ ರಿಚ್ಚಿ ಮನೆಗೆ ಬಂದು ಮೂರು ನಾಲ್ಕು ಗಂಟೆ ಕೂರುತ್ತಿದ್ದರು. ಕ್ಲಾವಿಯಸ್ ಮೇಷ್ಟ್ರು ಸಂಪಾದಿಸಿದ್ದ ಯೂಕ್ಲಿಡ್‌ನ ರೇಖಾಗಣಿತವನ್ನ ರಿಚ್ಚಿ ಬಾಯಲ್ಲಿ ಹೇಳೋದು, ಶೂ ಬರೆಯೋದು. ಮೂರು ಸಲ ತಿದ್ದಿದರು. 1607ರಲ್ಲಿ ಮೊದಲ ಆರು ಭಾಗ ಪ್ರಕಟವಾಯಿತು. ಬಿಂದು, ರೇಖೆ, ಸಮತಲ, ಲಂಬಕೋನ, ತ್ರಿಕೋನ ಎಲ್ಲಕ್ಕೂ ಚೀನೀ ಪದ ಹುಡುಕಬೇಕಿತ್ತು, ಇಲ್ಲದಿದ್ದರೆ ಕಟ್ಟಬೇಕಿತ್ತು. ಪುಸ್ತಕದ ಹೆಸರಿಗೆ ಆರಿಸಿದ್ದು ಜೀಹ ಎಂಬ ಹಳೇ ಪದ. ಅದರ ಅರ್ಥ ಎಷ್ಟು ಅಂತ. ಇವತ್ತು ಚೀನಾದಲ್ಲಿ ರೇಖಾಗಣಿತಕ್ಕೆ ಹೆಸರು ಜೀಹ. ಅದೇ ಅಕ್ಷರಗಳನ್ನ ಜಪಾನಿನವರೂ ತಮ್ಮ ಉಚ್ಚಾರದಲ್ಲಿ ಬಳಸುತ್ತಾರೆ. ಇಬ್ಬರು ನಡುವಯಸ್ಸಿನವರು ಒಂದು ಮೇಜಿನ ಮುಂದೆ ಕೂತು ಕಟ್ಟಿದ ಪದಗಳಲ್ಲಿ ನಾನೂರು ವರ್ಷದ ಮೇಲೂ ಕೋಟಿಗಟ್ಟಲೆ ಮಕ್ಕಳು ಗಣಿತ ಕಲಿಯುತ್ತಿದ್ದಾರೆ. ಉಳಿದ ಭಾಗಗಳನ್ನೂ ಮುಗಿಸೋಣ ಅಂತ ಶೂಗೆ ಆಸೆ ಇತ್ತು, ರಿಚ್ಚಿ ಇಷ್ಟು ಸಾಕು ಅಂದರು. ಅವು ಚೀನೀಗೆ ಬರಲು 1857ರವರೆಗೆ ಕಾಯಬೇಕಾಯಿತು. ಶೂ ಮುಂದೆ ನೀರಾವರಿ, ಕೃಷಿ, ಕ್ಯಾಲೆಂಡರ್ ಸುಧಾರಣೆಗೆ ಕೈ ಹಾಕಿದರು. ಶಾಂಘೈ ನಗರದ ಒಂದು ಬಡಾವಣೆಗೆ ಇವತ್ತಿಗೂ ಅವರ ಮನೆತನದ ಹೆಸರೇ ಇದೆ.

ರಿಚ್ಚಿ 1610ರ ಮೇ 11ರಂದು ಬೀಜಿಂಗಿನಲ್ಲಿ ತೀರಿಕೊಂಡರು. 57 ವರ್ಷ. ಊರಿಗೆ ಮತ್ತೆ ಹೋಗಲೇ ಇಲ್ಲ. ಅದುವರೆಗೆ ತೀರಿಹೋದ ಪಾದ್ರಿಗಳ ದೇಹ ಮಕಾವಿಗೆ ಹೋಗುತ್ತಿತ್ತು. ಈ ಸಲ ಜೊತೆಗಾರರು ಅರ್ಜಿ ಹಾಕಿದರು, ಚಕ್ರವರ್ತಿ ರಾಜಧಾನಿಯ ಗೋಡೆಯ ಹೊರಗೆ ಜಾಗ ಕೊಟ್ಟರು. ಆ ಸಮಾಧಿ ಈಗಲೂ ಇದೆ, ಅದೂ ಒಂದು ಕಾಲೇಜಿನ ಕ್ಯಾಂಪಸ್ ಒಳಗೆ.

ಅವರನ್ನ ಸುಮ್ಮನೆ ಹೊಗಳಿಬಿಡೋಕೆ ಆಗಲ್ಲ. ಅವರು ಹೋದದ್ದು ಮತ ಪ್ರಚಾರಕ್ಕೆ. ಕನ್‌ಫ್ಯೂಷಿಯಸ್‌ನನ್ನ ಗೌರವಿಸಿದ ಹಾಗೆ ಬೌದ್ಧರನ್ನ ಗೌರವಿಸಲಿಲ್ಲ, ಕಟುವಾಗಿ ಖಂಡಿಸಿ ಬರೆದರು. ಭೂಮಿಯೇ ವಿಶ್ವದ ಕೇಂದ್ರ ಅನ್ನುವ ಹಳೇ ಖಗೋಳವನ್ನೇ ಕಲಿಸಿದರು. ಅತ್ತ ಅವರ ಚರ್ಚಿನವರಿಗೂ ಅವರ ದಾರಿ ಪೂರ್ತಿ ಹಿಡಿಸಲಿಲ್ಲ. ಹಿರಿಯರಿಗೆ, ಕನ್‌ಫ್ಯೂಷಿಯಸ್‌ಗೆ ಚೀನೀಯರು ಸಲ್ಲಿಸುವ ಗೌರವವನ್ನ ರಿಚ್ಚಿ ತಪ್ಪು ಅಂದಿರಲಿಲ್ಲ. ದೊಡ್ಡ ಜಗಳದ ನಂತರ 1742ರಲ್ಲಿ ಪೋಪ್ ಅದನ್ನ ಕಟ್ಟುನಿಟ್ಟಾಗಿ ನಿಷೇಧಿಸಿದರು. ಮತ್ತೆ ಸಡಿಲವಾದದ್ದು 1939ರಲ್ಲಿ.

ಹಾಗಿದ್ದರೂ ಅವರ ಜೀವನ ಓದಿದ ಮೇಲೆ ನಮಗೆ ಒಂದು ಪ್ರಶ್ನೆ ಉಳಿಯಿತು. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಲ್ಯಾಬಿನಲ್ಲಿ ಇಂಗ್ಲಿಷ್. ಫ್ರೆಂಡ್‌ಗೆ ಒಂದು ಥಿಯರಂ ಹೇಳಿಕೊಡುವಾಗ ಕ್ರಿಯಾಪದ ಮಾತ್ರ ಕನ್ನಡದ್ದು, ಉಳಿದದ್ದೆಲ್ಲ ಹೊರಗಿನದು. ಕನ್ನಡದಲ್ಲಿ ಪದ ಇಲ್ಲ ಅಂತ ಅಂದುಕೊಂಡಿದ್ದೆವು. ಈ ಲೇಖನ ಬರೆಯಲು ಕೂತಾಗ ಬಿಂದು, ಲಂಬಕೋನ, ಸಮತಲ ಎಲ್ಲಾ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಕ್ಲಾಸಿನವರ ಬಾಯಲ್ಲಿ ಸಲೀಸಾಗಿ ಬಂತು. ಪದ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಇಲ್ಲದಿರುವ ಪದಗಳನ್ನ ಕಟ್ಟೋದಕ್ಕೆ ಶೂ ಗುವಾಂಗ್‌ಚಿ, ರಿಚ್ಚಿ ಇಬ್ಬರೂ ನಲವತ್ತು ದಾಟಿದ ಮೇಲೆ ಕೂತರು. ನಮಗೆ ಇನ್ನೂ ಇಪ್ಪತ್ತು ತುಂಬಿಲ್ಲ. ದಿನಾ ಮೂರು ಗಂಟೆ ಬೇಡ, ವಾರಕ್ಕೆ ಒಂದು ಸಂಜೆ ಕೂತರೂ ಶುರು ಮಾಡಬಹುದು ಅಲ್ವಾ?